ಓರಣ

ಮಸಾಲೆ ದೋಸೆ ಮೇಜಿಗೆ ಬರುವ ಮೊದಲೇ ವಿಜಯಸಾರಥಿಗೆ ಸಿಟ್ಟು ಬಂದು ಕೂತಿತ್ತು. ದೋಸೆ ತಿನ್ನಬೇಕೆಂದು ಅವನು ಹೋಟೆಲಿಗೆ ಕಾಲಿಟ್ಟಿರಲಿಲ್ಲ. ನಾಳೆ ಅಪ್ಪನ ಶ್ರಾದ್ಧ. ಇವತ್ತು ಒಪ್ಪೊತ್ತು, ಹೊರಗಿನದು ತಿನ್ನುವಂತಿಲ್ಲ, ಈರುಳ್ಳಿಯನ್ನಂತೂ ಮುಟ್ಟುವಂತಿಲ್ಲ. ಅರಸೀಕೆರೆ ಬಸ್‌ಸ್ಟ್ಯಾಂಡಿನ ಎದುರಿನ ಈ ಹೋಟೆಲಿಗೆ ಅವನು ಬಂದದ್ದು ಬರೀ ಒಂದು ಕಾಫಿಗೆ. ಶನಿವಾರದ ಅರ್ಧ ದಿನದ ಕಾಲೇಜು ಮುಗಿದಿತ್ತು, ಬೇಲೂರಿನ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಕೂತವನು ಫೋನು ತೆಗೆದ, ಹಳೇ ವಿದ್ಯಾರ್ಥಿನಿ ಗಾನವಿಯ ಸಂದೇಶ ಕಂಡ, ಅದನ್ನು ಓದಿ ಮುಗಿಸುವಷ್ಟರಲ್ಲಿ ಸಪ್ಲೈಯರ್ ಬಂದು ಏನು ಕೊಡಲಿ ಎಂದ, ಬಾಯಿಂದ ಮಸಾಲೆ ದೋಸೆ ಎಂದು ಬಂದುಬಿಟ್ಟಿತು. ಕೂಡಲೇ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಯಾರ ಮೇಲೋ ಸೇಡು ತೀರಿಸಿಕೊಳ್ಳುವವನ ಹಾಗೆ ಪಲ್ಯದ ಈರುಳ್ಳಿಯನ್ನೂ ಬಿಡದೆ ತಿಂದ. ರುಚಿ ಮಾತ್ರ ಏನೂ ತಿಳಿಯಲಿಲ್ಲ. ಕೈ ತೊಳೆಯುವಾಗ ಕನ್ನಡಿಯಲ್ಲಿ ಹಣೆಯ ಶ್ರೀಚೂರ್ಣ ಬೆವರಿಗೆ ಇಳಿದು ಮೂಗಿನ ಮೇಲೆ ಬಂದಿರುವುದು ಕಂಡಿತು. ಕರವಸ್ತ್ರದಿಂದ ಉಜ್ಜಿ ಒರೆಸಿದ.

ಸಂದೇಶದಲ್ಲಿ ಸಿಟ್ಟು ಬರುವಂಥದ್ದು ಏನೂ ಇರಲಿಲ್ಲ. ಅದೇ ಸಿಟ್ಟಿಗೆ ಕಾರಣ. ಸರ್, ಎಲ್ಲರೂ ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆ ಒಂದು ಬಾಕಿ, ಸಾಧ್ಯವಾದರೆ ಇವತ್ತೇ ನೋಡಿ ಎಂದು ಬರೆದಿದ್ದಳು. ಎಲ್ಲರೂ ಎಂದರೆ ಯಾರು? ‘ದಿನಶುದ್ಧಿ’ಯನ್ನು ಅವನು ಒಬ್ಬನೇ ಶುರು ಮಾಡಿದಾಗ ಈ ಎಲ್ಲರೂ ಎಲ್ಲಿದ್ದರು? ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಆ ಊರಿನ ತಿಥಿ, ನಕ್ಷತ್ರ, ಏಕಾದಶಿ, ಶ್ರಾದ್ಧದ ದಿನ ಎಲ್ಲವನ್ನೂ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ಅದು. ಕೋಡನ್ನು ಬಚ್ಚಿಟ್ಟುಕೊಳ್ಳದೆ ಓಪನ್ ಸೋರ್ಸ್ ಎಂದು ಜಗತ್ತಿಗೇ ತೆರೆದಿಟ್ಟಿದ್ದ. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಿ ಕಳಿಸಬಹುದು, ಆದರೆ ಒಳಗೆ ಸೇರಿಸಿಕೊಳ್ಳಲು ಅವನ ಒಪ್ಪಿಗೆ ಬೇಕು. ಜಾವಗಲ್ಲಿನ ಪುರೋಹಿತರ ಫೋನಿನಲ್ಲಿ ಅದು ಇತ್ತು, ಎಲ್ಲೆಲ್ಲೋ ಇರುವ ಜನರ ಫೋನುಗಳಲ್ಲೂ ಇತ್ತು. ಈಗ ಗಾನವಿ ಅದಕ್ಕೆ ಫಾರ್ಮ್ಯಾಟರ್ ಹಾಕಬೇಕು ಎನ್ನುತ್ತಾಳೆ. ಅದೂ ಒಂದು ಸಾಫ್ಟ್‌ವೇರೇ. ಯಾರು ಹೇಗೇ ಬರೆದಿರಲಿ, ಎಲ್ಲಿ ಎಷ್ಟು ಜಾಗ ಬಿಟ್ಟಿರಲಿ, ಅದು ಎಲ್ಲ ಸಾಲುಗಳನ್ನೂ ಎಳೆದಾಡಿ ತನ್ನ ಒಂದೇ ನಿಯಮಕ್ಕೆ ಕೂರಿಸುತ್ತದೆ. ಒಂದು ಸಲ ಹಾಕಿದ ಮೇಲೆ ಯಾರ ಕೈಬರಹಕ್ಕೂ ಬೆಲೆಯಿಲ್ಲ.

ಕೋಡಿನಲ್ಲಿ ಎಂಥ ಕೈಬರಹ ಎಂದು ಅವರೆಲ್ಲ ಕೇಳಿದ್ದರು. ಒಬ್ಬ ನಗುವ ಮುಖದ ಚಿತ್ರ ಹಾಕಿದ್ದ. ಹಾಗೆ ನಕ್ಕವನು ಅಣ್ಣನ ಜೊತೆ ಕೂತು ಪಂಚಾಂಗ ನೋಡಿದವನಲ್ಲ. ಅಪ್ಪ ಪಾರ್ಥಸಾರಥಿಯನ್ನು ಮನೆಯಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದುದು. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗ ಓದುವ ಕೈಂಕರ್ಯ ಅವರದು. ಹಿಂದಿನ ದಿನ ಮನೆಯಲ್ಲಿ ಕೂತು ಬಿಳಿ ಹಾಳೆಯ ಮೇಲೆ ಘಳಿಗೆ ವಿಘಳಿಗೆಗಳನ್ನು ತಾವೇ ಬರೆದುಕೊಳ್ಳುವರು, ಅಂಕಿಯ ಕೆಳಗೆ ಅಂಕಿ, ನೂಲು ಹಿಡಿದಂತೆ. ಆಮೇಲೆ ಒಂದು ದರ್ಭೆಯ ಎಸಳು ಹಿಡಿದು ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಬರುವರು. ಎಸಳು ಎಲ್ಲಾದರೂ ನಿಂತರೆ ಅಲ್ಲಿ ತಪ್ಪಿದೆ ಎಂದೇ ಅರ್ಥ. ‘ಓರಣವಾಗಿ ಬರೆದ್ರೆ ತಪ್ಪು ತಾನೇ ಎದ್ದು ಕಾಣುತ್ತೆ ಕಣೋ, ಲೆಕ್ಕ ಆಮೇಲೆ’ ಎನ್ನುವರು. ವಿಜಯಸಾರಥಿ ಕೋಡು ಬರೆದದ್ದೂ ಹಾಗೆಯೇ. ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆ, ಹೀಗಿದ್ದರೆ ಹಾಗೆ ಎಂಬ ಷರತ್ತಿನ ಕೆಳಗೆ ಅದಕ್ಕೆ ಸೇರಿದ ಸಾಲುಗಳು ಒಂದೇ ಅಂಚಿಗೆ. ಬೇರೆಯವರು ಕಳಿಸಿದ ತಿದ್ದುಪಡಿಯಲ್ಲಿ ಒಂದು ಜಾಗ ಹೆಚ್ಚು ಕಡಿಮೆಯಾಗಿದ್ದರೆ ಹಾಗೇ ವಾಪಸು ಕಳಿಸುತ್ತಿದ್ದ. ಮೊದಲು ಓರಣ ಕಲಿಯಿರಿ ಎಂದು ಬರೆಯುತ್ತಿದ್ದ. ಇಬ್ಬರು ಮೂವರು ಆ ಕಡೆ ಮತ್ತೆ ತಲೆ ಹಾಕಲಿಲ್ಲ. ಹೋದರೆ ಹೋಗಲಿ ಎಂದುಕೊಂಡಿದ್ದ. ಅದನ್ನೇ ಗಾನವಿ ಎತ್ತಿ, ಜಾಗಕ್ಕೋಸ್ಕರ ನಡೆಯುವ ಜಗಳದಲ್ಲಿ ಕೆಲಸದ ಮಾತೇ ಮರೆತುಹೋಗುತ್ತಿದೆ, ಯಂತ್ರವೇ ಅದನ್ನು ನೋಡಿಕೊಂಡರೆ ಯಾರಿಗೂ ಬೇಜಾರಿರುವುದಿಲ್ಲ ಎಂದು ಎಲ್ಲರ ಎದುರು ಬರೆದಿದ್ದಳು. ಬೇಜಾರು ಯಾರಿಗೆ, ಯಾರಿಂದ ಎಂದು ಹೆಸರು ಹೇಳಿರಲಿಲ್ಲ. ಹೇಳಿದ್ದರೆ ಎದುರು ಮಾತಾಡಬಹುದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವನ ಪಕ್ಕ ಕಣಕಟ್ಟೆಯ ಕಡೆಯವರೊಬ್ಬರು ತೆಂಗಿನಕಾಯಿ ಚೀಲವನ್ನು ಕಾಲ ಹತ್ತಿರವೇ ಇಟ್ಟುಕೊಂಡು ಕೂತರು, ಅವನ ಕಾಲಿಗೆ ಜಾಗ ಇಲ್ಲದಾಯಿತು. ಗಾನವಿ ಹಗರೆಯ ಹುಡುಗಿ. ರಾಮಣ್ಣನ ಮಗಳು, ಮನೆ ತುಂಬ ಹಸು. ಹಿಂದೆ ಬೇಲೂರಿನ ಕಾಲೇಜಿನಲ್ಲಿ ಅವನ ಕ್ಲಾಸಿನಲ್ಲೇ ಕೂತಿದ್ದವಳು, ಈಗ ಹಗರೆಯ ಮನೆಯಿಂದಲೇ ಯಾವುದೋ ಕಂಪನಿಗೆ ಕೆಲಸ ಮಾಡುತ್ತಾ ಸಂಜೆಹೊತ್ತು ದಿನಶುದ್ಧಿಗೆ ಕೈ ಹಾಕುತ್ತಾಳೆ. ಅವಳ ಮನೆಯಲ್ಲಿ ತಿಥಿ ನೋಡಿ ಶ್ರಾದ್ಧ ಮಾಡುವವರು ಯಾರಿದ್ದಾರೆ, ಇವಳಿಗೇನು ಗೊತ್ತು ಎಂಬ ಮಾತು ಮನಸ್ಸಿಗೆ ಬಂತು. ಬಂದ ಕೂಡಲೇ ಅಸಹ್ಯವಾಯಿತು, ಏಕೆಂದರೆ ಚಂದ್ರನ ಗತಿಯ ಸೂತ್ರವನ್ನು ಅವಳಿಗೆ ಕಲಿಸಿದವನು ಅವನೇ, ಕ್ಲಾಸಿನಲ್ಲಿ ಅದನ್ನು ಸರಿಯಾಗಿ ಹಿಡಿದವಳು ಅವಳೊಬ್ಬಳೇ. ಆದರೂ ಮಾತು ಹಿಂದಕ್ಕೆ ಹೋಗಲಿಲ್ಲ, ತೇಗಿನ ಜೊತೆ ಈರುಳ್ಳಿಯ ವಾಸನೆಯ ಹಾಗೆ ಮತ್ತೆ ಮತ್ತೆ ಮೇಲೆ ಬಂತು. ಅವನನ್ನು ನಿಜವಾಗಿ ಚುಚ್ಚುತ್ತಿದ್ದುದು ಇನ್ನೊಂದು. ಯಾವ ಸಾಲನ್ನು ಯಾರು ಬರೆದರು ಎಂದು ತೋರಿಸುವ ಒಂದು ಪುಟ ಇರುತ್ತದೆ. ಕೊನೆಯದಾಗಿ ಆ ಸಾಲು ಮುಟ್ಟಿದವರ ಹೆಸರು ಅದರ ಪಕ್ಕ ಬರುತ್ತದೆ. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಅವನದೇ ಹೆಸರು. ಮನಸ್ಸು ಕೆಟ್ಟ ದಿನಗಳಲ್ಲಿ ಅವನು ಆ ಪುಟ ತೆರೆದು ಸುಮ್ಮನೆ ನೋಡುತ್ತಿದ್ದ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ಅವನ ಹೆಸರನ್ನು ಇನ್ನೂ ತಪ್ಪಾಗಿಯೇ ಕರೆಯುತ್ತಾರೆ. ಫಾರ್ಮ್ಯಾಟರನ್ನು ಓಡಿಸುವವಳು ಗಾನವಿ, ಆದ್ದರಿಂದ ಒಂದೇ ಏಟಿಗೆ ಎಲ್ಲ ಸಾಲೂ ಗಾನವಿಯವು. ಅದನ್ನೂ ಅವಳು ಯೋಚಿಸಿದ್ದಳು. ಹೆಸರು ತೋರಿಸುವಾಗ ಫಾರ್ಮ್ಯಾಟರಿನ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಹೇಳುವ ಒಂದು ಏರ್ಪಾಡು ಇದೆ, ಅದನ್ನು ಹಾಕಿದ್ದೇನೆ ಸರ್, ನಿಮ್ಮ ಹೆಸರು ಹಾಗೇ ಉಳಿಯುತ್ತದೆ ಎಂದು ಬರೆದಿದ್ದಳು. ಅವನು ಹೆಸರಿನ ಮಾತು ಯಾರ ಹತ್ತಿರವೂ ಎತ್ತಿರಲಿಲ್ಲ. ತನ್ನ ಒಳಗಿನದು ಅವಳಿಗೆ ಕಂಡುಬಿಟ್ಟಿತಲ್ಲ ಎಂದು ಮೈಯೆಲ್ಲ ಉರಿಯಿತು.

ಬೆಳಿಗ್ಗೆ ಮನೆ ಬಿಡುವಾಗಲೂ ಹೀಗೇ ಉರಿದಿತ್ತು. ಅಮ್ಮ ಕೋಮಲವಲ್ಲಿ ಚಳಿಯಲ್ಲಿ ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. ಅವನಿಗೆ ಕಾಫಿ ಕೊಟ್ಟಳು, ತಾನು ಕುಡಿಯಲಿಲ್ಲ. ಏಕೆ ಎಂದರೆ ಪಿತ್ತ ಎದ್ದಿದೆ ಎಂದಳು. ಶ್ರಾದ್ಧದ ಹಿಂದಿನ ದಿನ ಅಮ್ಮನಿಗೆ ಪಿತ್ತ ಏಳುವುದು ಹೊಸದಲ್ಲ, ಎಲ್ಲ ವರ್ಷ ಅಲ್ಲದಿದ್ದರೂ ಕೆಲವು ವರ್ಷ ಆಗಿದ್ದೇ. ವಾರದ ಕೆಳಗೆ ಮಠದ ಪಂಚಾಂಗ ಹಿಡಿದುಕೊಂಡು ಬಂದು, ಇದರಲ್ಲಿ ಶನಿವಾರವೇ ಅಂತ ಇದೆಯಲ್ಲೋ ಎಂದು ಮೆಲ್ಲಗೆ ಅಂದಿದ್ದಳು. ಅವರದು ವಾಕ್ಯ ಪದ್ಧತಿ, ನನ್ನದು ಆಕಾಶ ನೋಡಿ ಮಾಡುವ ದೃಕ್, ಹಳೇ ಸೂತ್ರವಾಕ್ಯ ಇಟ್ಟುಕೊಂಡು ಮಾಡಿದ ಲೆಕ್ಕಕ್ಕೂ ಆಕಾಶದಲ್ಲಿ ಇರುವುದಕ್ಕೂ ವ್ಯತ್ಯಾಸ ಇರುತ್ತದೆ, ನಿನಗೆ ಎಷ್ಟು ಸಲ ಹೇಳಬೇಕು ಎಂದು ಅವನು ರೇಗಿದ್ದ. ಹಿಂದೊಂದು ವರ್ಷ ಪುರೋಹಿತರೇ ಅನುಮಾನಿಸಿದಾಗ ಲ್ಯಾಪ್‌ಟಾಪನ್ನು ಅವರ ಮುಂದಿಟ್ಟು ತೋರಿಸಿದ್ದ. ಆ ಮೇಲೆ ಅವರು ನೀವು ಹೇಳಿದ ದಿನವೇ ಬರುತ್ತೇನೆ ಸ್ವಾಮಿ ಎಂದು ಹೋಗಿದ್ದರು. ಅಮ್ಮ ಪಂಚಾಂಗವನ್ನು ಗೂಡಿನಲ್ಲಿಟ್ಟು ಮತ್ತೆ ಆ ಮಾತು ಎತ್ತಿರಲಿಲ್ಲ.

ಜಾವಗಲ್ ದಾಟಿದ ಮೇಲೆ ಪಕ್ಕದವರು ಇಳಿದು ಕಾಲಿಗೆ ಜಾಗವಾಯಿತು. ಅವನು ಲ್ಯಾಪ್‌ಟಾಪ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಒಪ್ಪುವುದಕ್ಕಲ್ಲ. ಯಂತ್ರ ಎಲ್ಲಾದರೂ ಒಂದು ಕಡೆ ಕೆಡಿಸಿರಲೇಬೇಕು, ಅದನ್ನು ಹಿಡಿದು ಎಲ್ಲರ ಎದುರಿಗೆ ಹಾಕಿ ಇದೋ ನಿಮ್ಮ ಯಂತ್ರ ಎಂದು ತಿರಸ್ಕರಿಸುವುದಕ್ಕೆ. ಮೊದಲು ಅಂಕಿಗಳ ಕೋಷ್ಟಕಗಳಿಗೆ ಹೋದ. ಅಲ್ಲಿ ಓರಣ ಹಾಳಾಗಿರಲೇಬೇಕು. ನೋಡಿದರೆ ಕೋಷ್ಟಕಗಳು ಇದ್ದ ಹಾಗೇ ಇದ್ದವು, ಇವನ್ನು ಯಂತ್ರ ಮುಟ್ಟದಿರಲಿ ಎಂದು ಗಾನವಿ ಮೇಲೂ ಕೆಳಗೂ ಗುರುತು ಹಾಕಿದ್ದಳು. ಜಗಳಕ್ಕಿದ್ದ ದೊಡ್ಡ ಕಾರಣವೇ ಕೈಬಿಟ್ಟುಹೋಯಿತು. ಅವನು ಹಲ್ಲು ಕಚ್ಚಿಕೊಂಡು ಮುಂದೆ ಹೋದ. ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು, ಬಸ್ಸು ಅದರ ಮೇಲೆ ನಿಧಾನವಾಗಿ ಹೊರಳುತ್ತಾ ಹೋಯಿತು, ಡ್ರೈವರು ಯಾರನ್ನೋ ಬೈದ. ಪರದೆಯ ಎಡಗಡೆ ಅವನು ಬರೆದದ್ದು, ಬಲಗಡೆ ಯಂತ್ರ ಕೂರಿಸಿದ್ದು. ಬಲಗಡೆಯದು ಚೆನ್ನಾಗಿಯೇ ಇತ್ತು. ಅದನ್ನು ಒಪ್ಪಲು ಮನಸ್ಸಿರಲಿಲ್ಲ. ಹೀಗೆ ಇಳಿಯುತ್ತಾ ಶ್ರಾದ್ಧದ ದಿನ ತೀರ್ಮಾನಿಸುವ ಜಾಗಕ್ಕೆ ಬಂದಾಗ ಬಲಗಡೆ ಒಂದು ಸಾಲು ತನ್ನ ಜೊತೆಯ ಸಾಲನ್ನು ಬಿಟ್ಟು ಎಡಕ್ಕೆ, ಷರತ್ತಿನ ಅಂಚಿಗೇ ಬಂದು ನಿಂತಿರುವುದು ಕಂಡಿತು.

ಸಿಕ್ಕಿಬಿತ್ತು ಎಂದುಕೊಂಡ. ಎಡಗಡೆ, ಅವನ ಕೈಬರಹದಲ್ಲಿ, ಆ ಸಾಲು ಷರತ್ತಿನ ಒಳಗೆ ಓರಣವಾಗಿ ಇತ್ತು. ಯಂತ್ರ ಅದನ್ನು ಎಳೆದು ಹೊರಗೆ ಹಾಕಿದೆ. ಹಾಗಾದರೆ ಅರ್ಥವೇ ಬದಲಾಯಿತಲ್ಲ. ಅದನ್ನೇ ಬರೆಯಲು ಬೆರಳು ಎತ್ತಿದವನು ಹಾಗೇ ನಿಂತ. ಫಾರ್ಮ್ಯಾಟರಿಗೆ ಸಾಲು ಎಳೆಯಲು ಬರುತ್ತದೆ, ಅರ್ಥ ಬದಲಿಸಲು ಬರುವುದಿಲ್ಲ. ಅದು ಕಂಪ್ಯೂಟರ್ ಓದುವ ಹಾಗೆ ಓದಿ ಬರೆಯುತ್ತದೆ. ಷರತ್ತಿನ ಕೆಳಗೆ ಒಂದೇ ಸಾಲು ಇದ್ದರೆ ಬ್ರ್ಯಾಕೆಟ್ ಬೇಡ, ಎರಡಿದ್ದರೆ ಎರಡನ್ನೂ ಬ್ರ್ಯಾಕೆಟ್ಟಿನೊಳಗೆ ಕೂಡಿಸಬೇಕು. ಮೊದಲ ವರ್ಷ ಎಂಎಸ್ಸಿ ಮಕ್ಕಳಿಗೂ ಗೊತ್ತು. ಅವನು ಮೊದಲು ಒಂದೇ ಸಾಲು ಬರೆದಿದ್ದ, ಆಮೇಲೆ ಯಾವತ್ತೋ ಅದರ ಕೆಳಗೆ ಇನ್ನೊಂದು ಸೇರಿಸಿದ್ದ, ಅಂಚಿಗೆ ಅಂಚು ಸರಿಯಾಗಿ ಕೂರಿಸಿದ್ದ, ಬ್ರ್ಯಾಕೆಟ್ ಹಾಕಿರಲಿಲ್ಲ. ಕಂಪ್ಯೂಟರಿಗೆ ಓರಣ ಕಾಣುವುದಿಲ್ಲ. ಅದರ ಪಾಲಿಗೆ ಆ ಎರಡನೆಯ ಸಾಲು ಯಾವತ್ತೂ ಹೊರಗೇ ಇತ್ತು. ಇಷ್ಟು ವರ್ಷ ಅವನು ಅದರ ಮೇಲೆ ಎಷ್ಟೋ ಸಲ ಕಣ್ಣಾಡಿಸಿದ್ದ. ಕಣ್ಣು ಎಲ್ಲೂ ನಿಂತಿರಲಿಲ್ಲ, ಅಷ್ಟು ಅಚ್ಚುಕಟ್ಟಾಗಿತ್ತು ಅದು.

ಆ ಸಾಲಿನ ಕೆಲಸ ಸಣ್ಣದು. ಶ್ರಾದ್ಧಕ್ಕೆ ಮಧ್ಯಾಹ್ನ ಕಳೆದ ಮೇಲಿನ ಅಪರಾಹ್ನದಲ್ಲಿ ತಿಥಿ ಇರಬೇಕು. ಅಪರೂಪಕ್ಕೆ ಎರಡು ದಿನದ ಅಪರಾಹ್ನಕ್ಕೂ ತಿಥಿ ತಾಗುತ್ತದೆ. ಆಗ ಯಾವ ದಿನ ಹೆಚ್ಚು ಹೊತ್ತು ಇದೆಯೋ ಆ ದಿನ ಮಾಡಬೇಕು. ಎರಡನೆಯ ದಿನ ಹೆಚ್ಚಾಗಿದ್ದರೆ ಎರಡನೆಯ ದಿನ ಎಂದು ಅವನು ಬರೆದಿದ್ದ. ಸಾಲು ಹೊರಗಿದ್ದುದರಿಂದ ಹೆಚ್ಚಿರಲಿ ಕಡಿಮೆಯಿರಲಿ ಅದು ಎರಡನೆಯ ದಿನವನ್ನೇ ಹೇಳುತ್ತಿತ್ತು. ಅವನು ಕಾರ್ತಿಕ ಬಹುಳ ದಶಮಿಯನ್ನು ಕೈಯಲ್ಲೇ ಲೆಕ್ಕ ಹಾಕಿದ. ದಶಮಿ ಇವತ್ತಿನ ಅಪರಾಹ್ನಕ್ಕೂ ಇತ್ತು, ನಾಳೆಯ ಅಪರಾಹ್ನಕ್ಕೂ ಸ್ವಲ್ಪ ತಾಗುತ್ತಿತ್ತು. ಇವತ್ತೇ ಹೆಚ್ಚು. ಅಣ್ಣನ ಶ್ರಾದ್ಧ ಇವತ್ತು. ಈಗ. ಬಸ್ಸಿನ ಕಿಟಕಿಯ ಹೊರಗೆ ಬಿಸಿಲು ಆಗಲೇ ಓರೆಯಾಗಿತ್ತು, ಅವನು ಈರುಳ್ಳಿಯ ಸಮೇತ ಮಸಾಲೆ ದೋಸೆ ತಿಂದಾಗಿತ್ತು.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ಅವನು ಇಳಿದ. ಏಕೆ ಇಳಿದ ಎಂದು ಅವನಿಗೇ ತಿಳಿಯದು. ಸ್ಟ್ಯಾಂಡಿನಲ್ಲಿ ಗುಡಿ ನೋಡಲು ಬಂದ ಯಾವುದೋ ಶಾಲೆಯ ಮಕ್ಕಳ ಗಲಾಟೆ. ಗೋಡೆಯ ಕಡೆ ತಿರುಗಿ ಗಾನವಿಗೆ ಫೋನು ಮಾಡಿದ. ಅವಳು ಎತ್ತಿದ ಕೂಡಲೇ, ನಮಸ್ಕಾರ ಸರ್ ಎನ್ನುವುದಕ್ಕೂ ಬಿಡದೆ, ಶ್ರಾದ್ಧದ ಭಾಗದಲ್ಲಿ ಒಂದು ಸಾಲು ಹೊರಗೆ ಬಂದಿದೆಯಲ್ಲ ನೋಡಿದ್ದೆಯಾ ಎಂದು ಕೇಳಿದ. ಅವಳ ಹಿಂದೆ ಹಸು ಕೂಗಿದ್ದು ಕೇಳಿಸಿತು.

‘ನೋಡಿದ್ದೆ ಸರ್.’

‘ಯಾವಾಗ?’

‘ಹೋದ ತಿಂಗಳೇ. ನಿಮ್ಮನ್ನ ಕೇಳಿದ್ದೆನಲ್ಲ ಸರ್, ಆ ಸಾಲು ಷರತ್ತಿನ ಒಳಗಾ ಹೊರಗಾ ಅಂತ.’

ಕೇಳಿದ್ದಳು. ಎಲ್ಲರೂ ಓದುವ ಜಾಗದಲ್ಲಿ ಕೇಳಿದ್ದಳು, ಅವನೂ ಅಲ್ಲೇ ಉತ್ತರ ಬರೆದಿದ್ದ. ಓರಣ ನೋಡಿದರೆ ಕಣ್ಣಿದ್ದವರಿಗೆ ಗೊತ್ತಾಗುತ್ತದೆ ಎಂದು. ಆ ಉತ್ತರ ಬರೆದು ಕಾಫಿ ಕುಡಿಯುತ್ತಾ ಎರಡು ಸಲ ಓದಿಕೊಂಡಿದ್ದ, ಚೆನ್ನಾಗಿ ಬಂದಿದೆ ಎನ್ನಿಸಿತ್ತು. ಆಮೇಲೆ ಮೂರ್ನಾಲ್ಕು ದಿನಕ್ಕೆ ಅವಳು ಫಾರ್ಮ್ಯಾಟರಿನ ಮಾತು ತೆಗೆದದ್ದು.

‘ಹಾಗಾದ್ರೆ ಇದಕ್ಕೋಸ್ಕರ ತಂದಿದ್ದಾ ಆ ಯಂತ್ರಾನ? ನನಗೆ ತೋರಿಸೋಕೆ?’

‘ಇದಕ್ಕೇ ಅಂತ ಅಲ್ಲ ಸರ್. ಬೇಕಾಗಿತ್ತು ಅದು. ಆದ್ರೆ... ನಾನು ತಪ್ಪು ಅಂದಿದ್ರೆ ನೀವು ಎಲ್ಲರ ಮುಂದೆ ಒಪ್ಕೋಬೇಕಾಗ್ತಿತ್ತು. ಯಂತ್ರ ಮಾಡಿದ್ರೆ ನೀವೇ ನೋಡ್ಕೊಂಡು ನೀವೇ ಸರಿ ಮಾಡ್ಕೋತೀರ ಅಂತ. ಆ ಸಾಲಿನ ಅರ್ಥ ನಾನು ಮುಟ್ಟಿಲ್ಲ ಸರ್, ನಿಮಗೇ ಬಿಟ್ಟಿದೀನಿ.’

ನನ್ನ ಮಾನ ಕಾಪಾಡು ಎಂದು ನಿನ್ನನ್ನು ಕೇಳಿದ್ದೆನೇ ಎಂದು ಅವನು ಕಿರುಚಿದ. ಶಾಲೆಯ ಮಕ್ಕಳು ತಿರುಗಿ ನೋಡಿದರು. ಇವತ್ತು ನಮ್ಮಪ್ಪನ ಶ್ರಾದ್ಧ ಎಂದು ಹೇಳಲು ಹೋಗಿ ಹೇಳಲಿಲ್ಲ, ಹೇಳಿದ್ದರೆ ಅವಳು ಅತ್ತುಬಿಡುತ್ತಿದ್ದಳು, ಅವಳ ಅಳುವನ್ನೂ ಸಹಿಸಬೇಕಾಗುತ್ತಿತ್ತು. ಫೋನು ಇಟ್ಟು ತಿರುಗಿದರೆ ಬಸ್ಸು ಹೋಗಿತ್ತು. ಚೀಲ ಹೆಗಲಲ್ಲೇ ಇತ್ತು, ಕೊಡೆ ಬಸ್ಸಿನಲ್ಲಿ ಉಳಿದಿತ್ತು. ಮುಂದಿನ ಬಸ್ಸು ಬರುವ ತನಕ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತ. ಅಪರಾಹ್ನ ಅವನ ಕಣ್ಣೆದುರಿಗೇ ಕಳೆಯಿತು. ಎಳನೀರಿನವನ ಗಾಡಿಯ ನೆರಳು ಉದ್ದವಾಗುತ್ತಾ ಅವನ ಕಾಲಿನವರೆಗೆ ಬಂತು. ಒಬ್ಬ ಗೈಡು ಬಂದು, ಗುಡಿ ತೋರಿಸಲಾ ಸರ್, ಎಲ್ಲಾ ಕೆತ್ತನೆ ಬಗ್ಗೆ ಹೇಳ್ತೀನಿ ಎಂದ. ಬೇಡ ಎಂದರೂ ಹೋಗಲಿಲ್ಲ. ಎದ್ದು ಹೊಡೆಯಬೇಕೆನ್ನಿಸಿತು.

ಬೇಲೂರಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯ ಮನೆಗೆ ಬಂದಾಗ ಅಮ್ಮ ಮಹಡಿಯಿಂದ ಇಳಿದು ಬರುತ್ತಿದ್ದಳು, ಕೈಯಲ್ಲಿ ಖಾಲಿ ಬಟ್ಟಲು. ಅವನು ಅವಳನ್ನು ದಾಟಿಕೊಂಡು ಮೇಲೆ ಹೋದ. ತಾರಸಿಯ ಗೋಡೆಯ ಮೇಲೆ ಬಾಳೆಲೆಯ ತುಂಡು, ಅದರ ಮೇಲೆ ಒಂದು ಹಿಡಿ ಅನ್ನ. ಎರಡು ಕಾಗೆ ಕುಕ್ಕುತ್ತಿದ್ದವು. ಇದನ್ನು ಅವನು ಹಿಂದೆಯೂ ನೋಡಿದ್ದ. ಅಮ್ಮನಿಗೆ ಪಿತ್ತ ಎದ್ದ ವರ್ಷಗಳಲ್ಲೆಲ್ಲ ನೋಡಿದ್ದ, ಮಾರನೆಯ ದಿನ ಅದೇ ಅಮ್ಮ ಬೆಳಗಿನ ಜಾವ ಎದ್ದು ಅವನು ಹೇಳಿದ ಶ್ರಾದ್ಧಕ್ಕೆ ಮಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಅವನು ಇಳಿದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲಿಲ್ಲ, ಬಾಯಿಯ ವಾಸನೆ ಅವಳಿಗೆ ಗೊತ್ತಾಗುತ್ತದೆ.

‘ಇವತ್ತೇ ಅಲ್ವೇನಮ್ಮ, ಅಣ್ಣಂದು?’

‘ನಾಳೆ ಅಂತ ನೀನೇ ಹೇಳಿದೀಯಲ್ಲ’ ಎಂದಳು ಅಮ್ಮ ಬಟ್ಟಲು ತೊಳೆಯುತ್ತಾ. ‘ನಾಳೆಗೆ ಎಲ್ಲಾ ಹೇಳಿ ಆಗಿದೆ. ಕೈಕಾಲು ತೊಳ್ಕೊ ಹೋಗು.’

‘ಗೊತ್ತಿದ್ದೂ ಸುಮ್ಮನೆ ಇದ್ಯಲ್ಲ. ಎಷ್ಟು ವರ್ಷದಿಂದ? ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?’

ಅವಳು ನಲ್ಲಿ ನಿಲ್ಲಿಸಿದಳು. ಒದ್ದೆ ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ, ಮುಖ ಉಪವಾಸಕ್ಕೆ ಚಿಕ್ಕದಾಗಿತ್ತು.

‘ಹೇಳ್ದೆ. ನೀನು ರೇಗ್ದೆ. ನಿಮ್ಮಣ್ಣನೂ ಹಾಗೇ ಕಣೋ. ಯಾರಾದ್ರೂ ಲೆಕ್ಕ ತಪ್ಪು ಅಂದ್ಬಿಟ್ರೆ ಎರಡು ದಿನ ಊಟ ಬಿಟ್ಟು ಕೂರೋರು. ಮನೇಲಿ ಒಬ್ಬರು ಉಪವಾಸ ಇದ್ರೆ ಸಾಲದಾ ಅಂತ ನಾನೇ ಇರ್ತಿದ್ದೆ.’

ಬಿಡು, ನಾಳೆಯೂ ಸ್ವಲ್ಪ ಹೊತ್ತು ದಶಮಿ ಇದೆಯಲ್ಲ, ಹೋದವರು ಗಡಿಯಾರ ನೋಡಿಕೊಂಡು ಬರುತ್ತಾರೆಯೇ ಎಂದು ಅವಳೇ ಸಮಾಧಾನ ಹೇಳಿದಳು. ಆ ಸಮಾಧಾನ ಕೇಳಿ ಅವನಿಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಒಬ್ಬಳು ಹಗರೆಯಲ್ಲಿ, ಒಬ್ಬಳು ಮನೆಯಲ್ಲಿ. ಗಾಜಿನ ಪಾತ್ರೆಯ ಹಾಗೆ ಇಬ್ಬರೂ ತನ್ನನ್ನು ಮೆಲ್ಲಗೆ ಎತ್ತಿಡುತ್ತಾ ಬಂದಿದ್ದಾರೆ, ತಾನು ಅದನ್ನೇ ಗೌರವ ಎಂದುಕೊಂಡು ಇಷ್ಟು ವರ್ಷ ಎದೆ ಸೆಟೆಸಿ ಓಡಾಡಿದ್ದೇನೆ. ಸಿಟ್ಟು ಯಾರ ಮೇಲೆ ಮಾಡಬೇಕು ಎಂದು ಗೊತ್ತಾಗದೆ ಕೋಣೆಗೆ ಹೋಗಿ ಬಾಗಿಲು ದೂಡಿದ. ಬಾಗಿಲು ಬಡಿದ ಸದ್ದಿಗೆ ಮಹಡಿಯ ಕಾಗೆಗಳು ಹಾರಿದವು.

ಲ್ಯಾಪ್‌ಟಾಪ್ ತೆಗೆದ. ಗಾನವಿಯ ಬದಲಾವಣೆ ಹಾಗೇ ಕಾಯುತ್ತಿತ್ತು. ಅವನ ಹೆಸರು ಉಳಿಯುವಂತೆ ಅವಳು ಹಾಕಿದ್ದ ಏರ್ಪಾಡನ್ನು ಹುಡುಕಿ, ಇದು ಬೇಡ ಎಂದು ತೆಗೆದುಹಾಕಿದ. ಆಮೇಲೆ ಒಪ್ಪಿಗೆ ಕೊಟ್ಟ. ಒಂದು ಕ್ಷಣದಲ್ಲಿ ಎಲ್ಲ ಕಡತಗಳೂ ಹೊಸ ಹದಕ್ಕೆ ಕೂತವು. ಶ್ರಾದ್ಧದ ಭಾಗಕ್ಕೆ ಹೋಗಿ, ಯಾವ ದಿನ ಹೆಚ್ಚು ಎಂಬ ಷರತ್ತನ್ನು ಆ ಸಾಲಿನೊಳಗೇ ಸೇರಿಸಿ ಬರೆದ. ಅಭ್ಯಾಸಬಲದಿಂದ ಮೇಲಿನ ಸಾಲಿನ ಸಮ ಚಿಹ್ನೆಗೆ ಸರಿಯಾಗಿ ಜಾಗ ಬಿಟ್ಟು ಓರಣ ಮಾಡಿದ. ಉಳಿಸಿದ ಕೂಡಲೇ ಫಾರ್ಮ್ಯಾಟರ್ ಆ ಜಾಗಗಳನ್ನು ತೆಗೆದುಹಾಕಿತು. ಏನು ಬದಲಾಯಿತು ಎಂದು ಎಲ್ಲರಿಗೂ ತಿಳಿಸುವ ಜಾಗದಲ್ಲಿ ಎರಡು ಮೂರು ಬಗೆಯಾಗಿ ಬರೆದು ಅಳಿಸಿದ, ಕೊನೆಗೆ ಕೆಲವು ವರ್ಷಗಳಲ್ಲಿ ಶ್ರಾದ್ಧದ ದಿನ ತಪ್ಪಾಗಿ ಬರುತ್ತಿತ್ತು ಎಂದಷ್ಟೇ ಬಿಟ್ಟು ಕಳಿಸಿದ. ಅಮ್ಮ ಹೊರಗಿನಿಂದ ಏನೋ ಕೇಳಿದಳು.

ಶ್ರಾದ್ಧದ ಭಾಗದಲ್ಲಿ ಯಾವ ಸಾಲು ಯಾರದು ಎಂದು ತೋರಿಸುವ ಪುಟ ತೆರೆದ. ಎಡಗಡೆ ಹೆಸರುಗಳು ಒಂದರ ಕೆಳಗೆ ಒಂದು ನೂಲು ಹಿಡಿದಂತೆ ನಿಂತಿದ್ದವು. ಪರದೆಯ ಮೇಲೆ ಬೆರಳಿಟ್ಟು, ಅಣ್ಣ ದರ್ಭೆ ಇಳಿಸುತ್ತಿದ್ದ ಹಾಗೆ, ಮೇಲಿನಿಂದ ಕೆಳಕ್ಕೆ ಇಳಿಸುತ್ತಾ ಬಂದ. ಗಾನವಿ, ಗಾನವಿ, ಗಾನವಿ, ಗಾನವಿ. ಒಂದು ಕಡೆ ಬೆರಳು ನಿಂತಿತು. ತಪ್ಪು ಇದ್ದ ಜಾಗದಲ್ಲಿ ವಿಜಯಸಾರಥಿ ಎಂದಿತ್ತು. ಅದರ ಕೆಳಗೆ ಮತ್ತೆ ಕೊನೆಯವರೆಗೂ ಗಾನವಿ.